ತಪ್ಪೊಪ್ಪಿಕೊಂಡ ಜನರಲ್

ಜನರಲ್ ಸಾಹೇಬರು ತೀರಿಕೊಂಡ ಮರುದಿನ ಪೇಪರಿನಲ್ಲಿ ಅರ್ಧ ಪುಟ ಬಂದಿತ್ತು. ಸಮವಸ್ತ್ರದ ಹಳೇ ಫೋಟೋ, ಎದೆ ತುಂಬ ಪದಕ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಸೈನ್ಯದಲ್ಲೂ ಕಾರ್ಖಾನೆಯಲ್ಲೂ ಕೈಕೆಳಗಿನವರ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡ ಅಪರೂಪದ ಮನುಷ್ಯ.’ ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಸೈನ್ಯದ ಮಾತು ನಿಜ. ಕಾರ್ಖಾನೆಯ ಮಾತು ಸುಳ್ಳು. ಸುಳ್ಳೆಂದು ಗೊತ್ತಿದ್ದವರು ಸಾಹೇಬರೂ ಸೇರಿ ಐದೇ ಜನ. ಆಗ ಬಾಯಿ ಬಿಡುವ ಹಾಗಿರಲಿಲ್ಲ, ಮೇಸ್ತ್ರಿ ಇನ್ನೂ ಬದುಕಿದ್ದ. ಹೋದ ವರ್ಷ ಅವನೂ ಹೋದ, ಸಾಹೇಬರ ಹೆಂಡತಿಯೂ ಹೋದರು. ಉಳಿದಿಬ್ಬರಲ್ಲಿ ಒಬ್ಬರು ಬಾಯಿ ಬಿಡುವ ಪೈಕಿಯಲ್ಲ. ಇನ್ನೊಬ್ಬಳು ನಾನು. ಇದನ್ನು ಓದಿ ನೊಂದುಕೊಳ್ಳುವ ಒಂದು ಮನೆ ಇದೆ, ಅವರ ಕ್ಷಮೆ ಕೇಳಿಯೇ ಬರೆಯುತ್ತಿದ್ದೇನೆ.

ಕಾಗದದ ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದೆ. ನಾಲ್ಕು ಜನ ಮ್ಯಾನೇಜಿಂಗ್ ಡೈರೆಕ್ಟರುಗಳ ಮಾತನ್ನು ಶಾರ್ಟ್‌ಹ್ಯಾಂಡಿನಲ್ಲಿ ಹಿಡಿದು, ಅವರ ವ್ಯಾಕರಣ ತಿದ್ದಿ, ಅವರಿಗೆ ಗೊತ್ತಾಗದ ಹಾಗೆ ಅವರ ಕೋಪವನ್ನೂ ಒಂಚೂರು ತಿದ್ದಿ ಟೈಪ್ ಮಾಡಿಕೊಟ್ಟವಳು. ಮೊದಲ ಮೂವರೂ ಮಾಲೀಕರ ಮನೆಯವರೇ. ಒಬ್ಬ ತಮ್ಮ, ಒಬ್ಬ ಭಾವಮೈದುನ, ಒಬ್ಬ ಅಳಿಯ. ಮೂವರೂ ಸೇರಿ ಕಾರ್ಖಾನೆಯನ್ನು ಹಳ್ಳ ಹಿಡಿಸಿದ ಮೇಲೆ ಮಾಲೀಕರಿಗೆ ಶಿಸ್ತು ಎಂಬ ಪದಾರ್ಥ ನೆನಪಾಯಿತು. ಅದು ಸೈನ್ಯದಲ್ಲಿ ಸಿಗುತ್ತದೆಂದು ಯಾರೋ ಹೇಳಿದರು. ಹೋಗಿ ಒಬ್ಬ ಜನರಲ್ಲನ್ನೇ ತಂದರು.

ಸಾಹೇಬರು ಬಂದ ದಿನ ಗೇಟಿನ ಹತ್ತಿರ ಕಾರು ನಿಲ್ಲಿಸಿ ಆಫೀಸಿನವರೆಗೆ ನಡೆದುಕೊಂಡು ಬಂದರು. ಅರವತ್ತೊಂದು ವರ್ಷ, ಬೆನ್ನು ಬಡಗಿಯ ಹಲಗೆ. ಪ್ಯಾಂಟಿನ ಗೆರೆ ನೋಡಿ ನಮ್ಮ ಕ್ಯಾಂಟೀನಿನವನು, “ಇದ್ರಲ್ಲಿ ತರಕಾರಿ ಹೆಚ್ಬಹುದು ಕಣ್ರೀ” ಅಂದ. ಸಂಜೆಯೊಳಗೆ ‘ಇಸ್ತ್ರಿ ಸಾಹೇಬ್ರು’ ಅಂತ ಹೆಸರು ಬಿತ್ತು. ಆ ಹೆಸರು ಅವರ ಕಿವಿಗೂ ಬಿತ್ತು. “ಪರವಾಗಿಲ್ಲ, ಸೈನ್ಯದಲ್ಲಿ ಇದಕ್ಕಿಂತ ಕೆಟ್ಟ ಹೆಸರಿತ್ತು” ಅಂದರು. ಅದು ಏನೆಂದು ಮಾತ್ರ ಕೊನೆಯವರೆಗೂ ಹೇಳಲಿಲ್ಲ.

ಅವರ ಬದುಕು ನನಗೆ ಗೊತ್ತಾದದ್ದು ಆ ವರ್ಷದ ವಾರ್ಷಿಕ ವರದಿಯಿಂದ. ಹೊಸ ಮುಖ್ಯಸ್ಥರ ಪರಿಚಯಕ್ಕೆ ಎರಡು ಪುಟ ಬೇಕಿತ್ತು, ಮೂರು ದಿನ ನನ್ನನ್ನು ಎದುರು ಕೂರಿಸಿಕೊಂಡು ಹೇಳಿದರು. ತಂದೆ ಅಂಚೆ ಕಚೇರಿಯ ಗುಮಾಸ್ತ. ಐದು ಮಕ್ಕಳಲ್ಲಿ ಇವರು ನಾಲ್ಕನೆಯವರು, ಓದಿನಲ್ಲಿ ಅಷ್ಟಕ್ಕಷ್ಟೆ. ಹತ್ತೊಂಬತ್ತಕ್ಕೆ ಸೈನ್ಯ ಸೇರಿದರು. “ದೇಶಕ್ಕಾಗಿ ಅಂತ ಬರ್ಕೊಳ್ಳಿ. ನಿಜ ಹೇಳ್ಬೇಕು ಅಂದ್ರೆ ಅಲ್ಲಿ ಹೊಸ ಬೂಟು ಕೊಡ್ತಾರೆ ಅಂತ ಹೋದೆ. ಅಣ್ಣಂದಿರ ಬೂಟು ಹಾಕ್ಕೊಂಡು ಸಾಕಾಗಿತ್ತು. ಇದನ್ನ ಬರೀಬೇಡಿ.” ನಾನು ಬರೆಯಲಿಲ್ಲ. ಮೂವತ್ತೊಂಬತ್ತು ವರ್ಷ ಸೇವೆ, ಇಪ್ಪತ್ಮೂರು ಮನೆ, ಎರಡು ಯುದ್ಧ, ಕೊನೆಗೆ ಮೂವತ್ತು ಸಾವಿರ ಜನರ ಮೇಲೆ ಅಧಿಕಾರ.

ನಡುವೆ ಒಂದು ಘಟನೆ. ಆಗ ಅವರು ಕರ್ನಲ್. ಎತ್ತರದ ಹಿಮದ ಗಡಿಯಲ್ಲಿ ಅವರ ಕೈಕೆಳಗಿನ ಒಬ್ಬ ಕ್ಯಾಪ್ಟನ್, ಎರಡು ಗಂಟೆ ಉಳಿಯುತ್ತದೆಂದು ಹನ್ನೊಂದು ಜನರನ್ನು ಕೆಳಗಿನ ದಾರಿಯಲ್ಲಿ ಕಳಿಸಿಬಿಟ್ಟ. ಹಿಮ ಜಾರಿತು. ಏಳು ಜನ ಸತ್ತರು. ವಿಚಾರಣೆ ನಡೆದಾಗ ಕರ್ನಲ್ ಎದ್ದು ನಿಂತು, “ಆ ದಾರಿ ಹಿಡೀರಿ ಅಂತ ಹೇಳಿದ್ದು ನಾನು” ಅಂದರು. ಹೇಳಿರಲಿಲ್ಲ. ಹೇಳಿರಲಿಲ್ಲವೆಂದು ಮೇಲಿನವರಿಗೂ ಗೊತ್ತಿತ್ತು. ಮತ್ತೆ ಮತ್ತೆ ಕೇಳಿದರೂ ಇವರದು ಅದೇ ಮಾತು. ಕಡತದಲ್ಲಿ ಒಂದು ಸಾಲಿನ ಎಚ್ಚರಿಕೆ ಬರೆದು ಬಿಟ್ಟರು. ಕ್ಯಾಪ್ಟನ್ನನ ನೌಕರಿ ಉಳಿಯಿತು. ಮರುವರ್ಷವೇ ಇವರಿಗೆ ಬಡ್ತಿ ಬಂತು. ಆಮೇಲೆ ಹೊಸ ಅಧಿಕಾರಿಗಳ ತರಬೇತಿಯಲ್ಲಿ ಈ ಕಥೆಯನ್ನು ಪಾಠದ ಹಾಗೆ ಹೇಳತೊಡಗಿದರಂತೆ.

ವರದಿಗೆ ಸಹಿ ಹಾಕಿಸಿಕೊಳ್ಳಲು ಅವರ ಮನೆಗೆ ಹೋಗಿದ್ದಾಗ ಹೆಂಡತಿ ಟೀ ಕೊಟ್ಟು, ಆ ಪುಟ ಇಸಿದುಕೊಂಡು ಓದಿದರು. ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ನಂಬರು ಬರೆದ ಕಬ್ಬಿಣದ ಪೆಟ್ಟಿಗೆಗಳು ಸಾಲಾಗಿದ್ದವು. ಇಪ್ಪತ್ಮೂರು ಮನೆ ಕಟ್ಟಿ ಬಿಚ್ಚಿದ ಹೆಂಗಸು, ಕೊನೆಯ ಮನೆಯಲ್ಲೂ ಅರ್ಧ ಪೆಟ್ಟಿಗೆ ಬಿಚ್ಚಿರಲಿಲ್ಲ.

“ಆ ಕ್ಯಾಪ್ಟನ್ ಇವತ್ತಿಗೂ ವರ್ಷಕ್ಕೊಂದು ಕಾರ್ಡು ಕಳಿಸ್ತಾನೆ” ಅಂದರು. “ಆ ಏಳು ಮನೆಯಿಂದ ಒಂದು ಕಾರ್ಡೂ ಬರಲ್ಲ. ಇವರಿಗೆ ತಪ್ಪು ಒಪ್ಕೊಳ್ಳೋದು ಅಂದ್ರೆ ಇನ್ನೊಂದು ಪದಕ ಹಾಕ್ಕೊಂಡ ಹಾಗೆ ಕಣಮ್ಮ. ನಿಜವಾದ ತಪ್ಪು ಮಾಡಿ ಉಗಿಸ್ಕೊಂಡು ಗೊತ್ತಿಲ್ಲ.”

ಸಾಹೇಬರು ಪೇಪರಿನಿಂದ ತಲೆ ಎತ್ತದೆ, “ನಿನ್ನ ಭಾಷಣ ವಾರ್ಷಿಕ ವರದಿಗೆ ಬೇಡ” ಅಂದರು. ಇಬ್ಬರೂ ನಕ್ಕರು. ಒಳ್ಳೆಯ ಜೋಡಿ.

ಅವರನ್ನು ಬೈಯಲಿಕ್ಕೆ ಅಂತ ನಾನು ಕೂತಿಲ್ಲ. ಅವರಂಥ ಮುಖ್ಯಸ್ಥರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕಸ ಗುಡಿಸುವವರಿಗೂ ‘ನೀವು’ ಅನ್ನುತ್ತಿದ್ದರು. ಆರುನೂರು ಜನರ ಹೆಸರು ಮೂರು ತಿಂಗಳಲ್ಲಿ ಬಾಯಿಪಾಠ. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು, ಮುಂದೆ ಬನ್ನಿ ಅಂದವರಿಗೆ ಗದರುತ್ತಿದ್ದರು. ಹೆಂಗಸರ ಶೌಚಾಲಯಕ್ಕೆ ಚಿಲಕ ಬಂದದ್ದು ಅವರ ಕಾಲದಲ್ಲಿ. ಅದಕ್ಕಾಗಿ ನಾವು ಹದಿನಾಲ್ಕು ವರ್ಷ ಅರ್ಜಿ ಬರೆದಿದ್ದೆವು. ಮೊದಲ ವರ್ಷದ ಕೊನೆಗೆ ಕಾಗದದ ಉತ್ಪಾದನೆ ಕಾಲು ಪಾಲು ಏರಿತು, ಪೇಪರಿನವರು ಬಂದು ಫೋಟೋ ಹಿಡಿದುಕೊಂಡು ಹೋದರು. ಜನ ಅವರನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು. ನಾನೂ ಹೊತ್ತುಕೊಂಡಿದ್ದೆ.

ಆದರೆ ಅವರಿಗೆ ಒಂದು ಚಟ. ಸೈನ್ಯದಿಂದ ತಂದದ್ದು. ಕಣ್ಣಿಗೆ ಅಚ್ಚುಕಟ್ಟಾಗಿ ಕಂಡದ್ದು ಸರಿಯಾಗಿದೆ, ಗಲೀಜಾಗಿ ಕಂಡದ್ದು ಕೆಟ್ಟಿದೆ ಎಂದು ಅವರ ಲೆಕ್ಕ. ಪ್ರತಿ ಸೋಮವಾರ ಒಂಬತ್ತೂವರೆಗೆ ಕಾರ್ಖಾನೆ ಸುತ್ತುತ್ತಿದ್ದರು. ಹಿಂದೆ ವರ್ಕ್ಸ್ ಮ್ಯಾನೇಜರು, ಅವರ ಹಿಂದೆ ಪ್ಯಾಡ್ ಹಿಡಿದುಕೊಂಡು ನಾನು. ಸಾಹೇಬರು ಕಂಡದ್ದನ್ನು ಹೇಳುತ್ತಾ ಹೋಗುವುದು, ನಾನು ಗೀಚುತ್ತಾ ಹೋಗುವುದು, ಮಧ್ಯಾಹ್ನದೊಳಗೆ ಅದು ಟೈಪಾಗಿ ಎಲ್ಲ ವಿಭಾಗಕ್ಕೆ ಹೋಗುವುದು. ಟೈಪಾದ ಮೇಲೆ ನನ್ನ ಗೀಚನ್ನು ಹರಿದು ಹಾಕಬೇಕು. ಅದೂ ಸೈನ್ಯದ ನಿಯಮವಂತೆ. ಶತ್ರು ದೇಶದವರು ನಮ್ಮ ಕಾಗದದ ದಪ್ಪ ತಿಳಿದುಕೊಂಡು ಏನು ಮಾಡುತ್ತಾರೋ, ನಾನು ಕೇಳಲಿಲ್ಲ.

ಈಗ ಮೇಸ್ತ್ರಿಯ ವಿಷಯ ಹೇಳಬೇಕು. ಹಬೆ ಪೈಪುಗಳ ಮೇಸ್ತ್ರಿ. ನನಗಿಂತ ಎರಡು ವರ್ಷ ಚಿಕ್ಕವನು, ಒಂದೇ ತಿಂಗಳು ಕೆಲಸಕ್ಕೆ ಸೇರಿದವರು ನಾವು, ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ. ಕಾಗದ ಒಣಗಬೇಕಾದರೆ ದೊಡ್ಡ ದೊಡ್ಡ ಕಬ್ಬಿಣದ ಉರುಳೆಗಳೊಳಗೆ ಹಬೆ ಹರಿಯಬೇಕು. ಆ ಹಬೆಯನ್ನು ಬಾಯ್ಲರಿನಿಂದ ಹೊತ್ತು ತರುವ ಪೈಪುಗಳು ಕಾರ್ಖಾನೆಯ ತುಂಬ ತಲೆಯ ಮೇಲೆ ಓಡುತ್ತವೆ. ಮೇಸ್ತ್ರಿ ಸಣ್ಣ ಸುತ್ತಿಗೆ ಹಿಡಿದು ಅವುಗಳನ್ನು ತಟ್ಟುತ್ತಾ, ಕಿವಿಗೊಟ್ಟು ಕೇಳುತ್ತಾ ಓಡಾಡುತ್ತಿದ್ದ. ಎಲ್ಲಿ ಸವೆದಿದೆ, ಎಲ್ಲಿ ಸೋರುತ್ತದೆ ಎಂದು ಗೊತ್ತಾದ ಕೂಡಲೇ ಜೇಬಿನಿಂದ ಚಾಕ್‌ಪೀಸ್ ತೆಗೆದು ಪೈಪಿನ ತಗಡಿನ ಹೊದಿಕೆಯ ಮೇಲೆ ಗುರುತು. ಸೊನ್ನೆ ಹಾಕಿದ್ದರೆ ಸಣ್ಣ ಸೋರಿಕೆ, ಕಣ್ಣಿಟ್ಟಿರಿ. ಒಂದು ಗೀಟು ಅಂದರೆ ಈ ತಿಂಗಳು ಬಿಚ್ಚಬೇಕು. ಎರಡು ಗೀಟು ಅಡ್ಡಡ್ಡ ಹಾಕಿದ್ದರೆ ಇದರ ಕೆಳಗೆ ನಿಲ್ಲಬೇಡಿ. ಚಾಕ್‌ಪೀಸ್ ಮೇಸ್ತ್ರಿ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಆ ಗುರುತುಗಳನ್ನು ನೋಡಿಕೊಂಡೇ ಆರುನೂರು ಜನ ಓಡಾಡಿದ್ದೆವು. ದೋಷಗಳನ್ನು ಬರೆಯಲು ಒಂದು ರಿಜಿಸ್ಟರ್ ಇತ್ತು. ಅದು ವರ್ಕ್ಸ್ ಮ್ಯಾನೇಜರ ಬೀರುವಿನಲ್ಲಿ ಧೂಳು ತಿನ್ನುತ್ತಿತ್ತು. ಮೇಸ್ತ್ರಿಗೆ ಬರವಣಿಗೆ ಎಂದರೆ ಅಂಕಿ ಮತ್ತು ಸಹಿ, ಅಷ್ಟೆ.

ಎರಡನೇ ವರ್ಷ ಹೊರದೇಶದಿಂದ ಖರೀದಿದಾರರು ಬರುವವರಿದ್ದರು. ಅದಕ್ಕೆ ಹತ್ತು ದಿನ ಮುಂಚಿನ ಸೋಮವಾರ ಸಾಹೇಬರು ಡ್ರೈಯರ್ ವಿಭಾಗದಲ್ಲಿ ತಲೆಯೆತ್ತಿ ನಿಂತರು.

“ಏನ್ರೀ ಇದು? ಪೈಪ್ ಮೇಲೆಲ್ಲ ಗೀಚಿದ್ದೀರಲ್ಲ, ಸ್ಕೂಲ್ ಮಕ್ಕಳ ಸ್ಲೇಟಾ?”

ಮೇಸ್ತ್ರಿ ಅಲ್ಲೇ ಇದ್ದ. “ಅದು ನಮ್ಮ ಗುರುತು ಸಾರ್. ಎಲ್ಲಿ ಏನಾಗಿದೆ ಅಂತ.”

“ಗುರುತು ಪುಸ್ತಕದಲ್ಲಿರ್ಬೇಕು. ಪೈಪ್ ಮೇಲಲ್ಲ. ಬಂದವರು ನೋಡಿದ್ರೆ ಇವರ ಕಾರ್ಖಾನೆ ಪೂರ್ತಿ ರಿಪೇರಿಯಲ್ಲಿದೆ ಅಂತಾರೆ.” ಆಮೇಲೆ ಮ್ಯಾನೇಜರ ಕಡೆ ತಿರುಗಿ, “ಎಲ್ಲಾ ಒರೆಸಿ, ಬೆಳ್ಳಿ ಬಣ್ಣ ಹೊಡೆಸಿ. ರಿಜಿಸ್ಟರ್ ಇವರ ಕೈಗೆ ಕೊಡಿ.”

ಮ್ಯಾನೇಜರು “ಆಯ್ತು ಸಾರ್” ಅಂದರು. ಅವರು ಸಾಹೇಬರಿಗೆ ಬೇರೆ ಮಾತು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಮೇಸ್ತ್ರಿಯೂ “ಆಯ್ತು ಸಾರ್” ಅಂದ. ಮಧ್ಯಾಹ್ನ ನಾನು ಟೈಪ್ ಮಾಡಿದ ವರದಿಯಲ್ಲಿ ಇದ್ದದ್ದು ಇಷ್ಟು: ‘ಡ್ರೈಯರ್ ವಿಭಾಗ, ಸ್ವಚ್ಛತೆ ಮತ್ತು ಬಣ್ಣ.’ ಗೀಚನ್ನು ಹರಿದು ಹಾಕಿದೆ. ನನ್ನ ಕೈಯಿಂದಲೇ.

ಮೇಸ್ತ್ರಿ ಅಂದಿನಿಂದ ಏಣಿ ಹತ್ತಿ ಇಳಿದು, ಒಂದೊಂದೇ ಗುರುತು ನೋಡಿ ರಿಜಿಸ್ಟರಿಗೆ ಇಳಿಸತೊಡಗಿದ. ನೂರಕ್ಕೂ ಮೇಲೆ ಗುರುತು. ಭಾನುವಾರದೊಳಗೆ ಮುಗಿಸುತ್ತೇನೆ ಅಂದುಕೊಂಡಿದ್ದ. ಆದರೆ ಜನರಲ್ ಹೇಳಿದ ಕೆಲಸ ಗಡುವಿಗೆ ಮುಂಚೆ ಮುಗಿಯಬೇಕು, ಅದೇ ಶಿಸ್ತು. ಗುರುವಾರವೇ ಬಣ್ಣದವರು ಬಂದುಬಿಟ್ಟರು. ಮೇಸ್ತ್ರಿ ನಲವತ್ತಾರನೆಯ ಗುರುತಿನಲ್ಲಿದ್ದ. ಶನಿವಾರದ ಹೊತ್ತಿಗೆ ಕಾರ್ಖಾನೆ ಹೊಸ ಪಾತ್ರೆಯ ಹಾಗೆ ಫಳಫಳ. ಡ್ರೈಯರಿನ ಪಕ್ಕ ಬೆಚ್ಚಗಿನ ಜಾಗ ನೋಡಿ ಸಾಹೇಬರು ಒಂದು ಬೆಂಚನ್ನೂ ಹಾಕಿಸಿದರು. ಟೀ ವೇಳೆಯಲ್ಲಿ ಜನ ನೆಲದ ಮೇಲೆ ಕೂರುವುದು ಅವರಿಗೆ ಬೇಸರ. ಬೆಂಚಿನ ಮೇಲೆ ಪೈಪು ತಿರುಗುವ ಒಂದು ಬೆಂಡ್ ಇತ್ತು. ಆ ಬೆಂಡಿನ ಮೇಲೆ ಎರಡು ಗೀಟು ಇದ್ದವು. ಈಗ ಬಣ್ಣ ಇತ್ತು.

ಮೇಸ್ತ್ರಿ ಮ್ಯಾನೇಜರಿಗೆ ಬಾಯಿಮಾತಿನಲ್ಲಿ ಹೇಳಿದ. ಮುಂದಿನ ತಿಂಗಳು ಕಾರ್ಖಾನೆ ನಿಲ್ಲಿಸಿದಾಗ ಬದಲಾಯಿಸೋಣ ಅಂತ ಉತ್ತರ ಬಂತು. ಮನಸ್ಸು ತಡೆಯದೆ ಮತ್ತೆ ಏಣಿ ಹತ್ತಿ ಹೊಸ ಬಣ್ಣದ ಮೇಲೆ ಎರಡು ಗೀಟು ಎಳೆದ. ಗೀಟು ಎಳೆದರೆ ಅವನ ಮಟ್ಟಿಗೆ ಊರಿಗೆಲ್ಲ ಹೇಳಿದ ಹಾಗೆ, ರಿಜಿಸ್ಟರಿಗೆ ಇಳಿಸಲಿಲ್ಲ. ನಂತರದ ಸೋಮವಾರ ಸಾಹೇಬರು ಅದನ್ನು ಕಂಡರು. ಮೇಸ್ತ್ರಿ ಆಗ ಬಾಯ್ಲರಿನಲ್ಲಿದ್ದ, ಮುಂದಿನ ಎರಡು ವಾರವೂ ಅಲ್ಲೇ ಸಿಕ್ಕಿಕೊಂಡಿದ್ದ. ಆ ಮೂಲೆಯಲ್ಲಿದ್ದವರು ನಾವು ಮೂವರೇ. ಸಾಹೇಬರು ಬೆಂಚಿನ ಮೇಲೆ ಹತ್ತಿ, ಜೇಬಿನಿಂದ ಕರ್ಚೀಫ್ ತೆಗೆದು, ತಾವೇ ಒರೆಸಿದರು. ಇಳಿದು ಮ್ಯಾನೇಜರಿಗೆ, “ನೋಡಿ, ಎರಡು ಸೆಕೆಂಡಿನ ಕೆಲಸ” ಅಂದರು. ಮ್ಯಾನೇಜರು ಹಲ್ಲು ಕಿರಿದರು. ಆ ಎರಡು ಗೀಟಿನ ಅರ್ಥ ನನಗೆ ಗೊತ್ತಿತ್ತು. ನಾನು ಬಾಯಿ ತೆರೆಯಲಿಲ್ಲ. ಯಾಕೆ ತೆರೆಯಲಿಲ್ಲ ಎಂದು ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ. ದೊಡ್ಡವರು ಮಾಡುತ್ತಿದ್ದಾರೆ, ಗೊತ್ತಿದ್ದೇ ಮಾಡುತ್ತಿರಬೇಕು ಅಂದುಕೊಂಡೆ. ಅಷ್ಟೇ ಕಾರಣ.

ಖರೀದಿದಾರರು ಬಂದರು, ಮೆಚ್ಚಿ ಹೋದರು. ಅದಾಗಿ ಎಂಟು ದಿನಕ್ಕೆ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಟೀ ವೇಳೆಯಲ್ಲಿ ಬೆಂಡ್ ಸೀಳಿತು. ಆ ಸದ್ದಿಗೆ ನನ್ನ ಟೇಬಲ್ಲಿನ ಗಾಜು ಬಿರುಕು ಬಿಟ್ಟಿತು. ನಾವು ಓಡಿ ಹೋಗುವಷ್ಟರಲ್ಲಿ ಡ್ರೈಯರ್ ವಿಭಾಗದಲ್ಲಿ ಬಿಳಿ ಹಬೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಕಿರುಚಾಟ ಕೂಡ ಇರಲಿಲ್ಲ. ಹಬೆ ಇಳಿದ ಮೇಲೆ ಬೆಂಚಿನ ಮೇಲೆ ಇಬ್ಬರು. ಒಬ್ಬ ಡ್ರೈಯರ್ ಕೆಲಸಗಾರ, ನಿವೃತ್ತಿಗೆ ಎರಡು ವರ್ಷ ಇದ್ದವನು. ಇನ್ನೊಬ್ಬಳು ಕಸ ಗುಡಿಸುವ ಹೆಂಗಸು. ಅವಳು ಮೇಸ್ತ್ರಿಯ ಬೀಗಿತ್ತಿ. ಅವಳ ಮಗನಿಗೇ ಮೇಸ್ತ್ರಿ ತನ್ನ ಒಬ್ಬಳೇ ಮಗಳನ್ನು ಕೊಟ್ಟಿದ್ದ. ಅವರನ್ನು ಎತ್ತುವಾಗ ಮೇಸ್ತ್ರಿಯೂ ಕೈ ಹಾಕಿದ. ನಾನು ಹೆಚ್ಚು ಬರೆಯಲಾರೆ.

ಮೂರನೇ ದಿನವೇ ಮ್ಯಾನೇಜರು ರಿಜಿಸ್ಟರ್ ತೆಗೆದು ತೋರಿಸಿದರು. ನಲವತ್ತಾರು ದೋಷ ಬರೆದಿತ್ತು. ಆ ಬೆಂಡ್ ಇರಲಿಲ್ಲ. ಹೇಳಬೇಕಾದವನು ಹೇಳಲಿಲ್ಲ, ಇಬ್ಬರು ಸತ್ತರು, ಮುಗಿಯಿತು. ಮೇಸ್ತ್ರಿಯ ಮಗಳು ಅಪ್ಪನ ಮನೆಯ ಕಡೆ ತಲೆ ಹಾಕುವುದನ್ನು ನಿಲ್ಲಿಸಿದಳು. ಗಂಡ, “ನಿಮ್ಮಪ್ಪ ನಮ್ಮಮ್ಮನ್ನ ತಿಂದ್ಕೊಂಡ” ಎಂದು ಒಂದೇ ಸಲ ಹೇಳಿದನಂತೆ. ಸಾಲದೇ?

ಸಾಹೇಬರು ನನ್ನನ್ನು ಒಳಗೆ ಕರೆದರು. ಮುಖ ಸುಣ್ಣದ ಗೋಡೆಯ ಹಾಗಿತ್ತು.

“ನಾನು ಒರೆಸಿದ್ದು ಆ ಬೆಂಡೇ ಅಲ್ವಾ?”

“ಹೌದು ಸಾರ್.”

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಸಾರ್.”

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. “ಸರಿ. ವಿಚಾರಣೆಯಲ್ಲಿ ನಾನು ಹೇಳ್ತೀನಿ. ಮೇಸ್ತ್ರಿಗೆ ಹೇಳಿ, ಹೆದರ್ಕೋಬೇಡಿ ಅಂತ.” ನಾನು ಹೋಗಿ ಹೇಳಿದೆ. ಮೇಸ್ತ್ರಿ ನನ್ನ ಕೈ ಹಿಡಿದುಕೊಂಡು ಅತ್ತ. ಅವನಿಗೆ ಬೇಕಾಗಿದ್ದದ್ದು ನೌಕರಿ ಅಲ್ಲ. “ಮಗಳ ಕಿವಿಗೆ ಬಿದ್ರೆ ಸಾಕು ಅಕ್ಕ” ಅಂದ.

ವಿಚಾರಣೆ ನಡೆದದ್ದು ಸರ್ಕಾರಿ ಕಚೇರಿಯ ಮೊದಲ ಮಹಡಿಯ ಕೋಣೆಯಲ್ಲಿ. ಮೂರು ಕುರ್ಚಿ, ಉದ್ದನೆ ಮೇಜು, ಕುಂಟುವ ಫ್ಯಾನು. ನಡುವಿನ ಕುರ್ಚಿಯಲ್ಲಿ ಕಾರ್ಖಾನೆಗಳ ಮುಖ್ಯ ತನಿಖಾಧಿಕಾರಿ. ಒಳ್ಳೆಯ ಮನುಷ್ಯ, ಅದೇ ಕರ್ಮ. ಸಾಹೇಬರು ಎದ್ದು ನಿಂತು ಕರ್ಚೀಫಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದರು. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಕಣ್ಣು ಒದ್ದೆಯಾಯಿತು.

“ಸಾರ್, ಚಿಕ್ಕ ವಯಸ್ಸಲ್ಲಿ ಐದು ವರ್ಷ ನಾನೂ ಸೈನ್ಯದಲ್ಲಿದ್ದೆ. ತರಬೇತಿಯಲ್ಲಿ ನಿಮ್ಮ ಹಿಮದ ಕಥೆ ಪಾಠ ಮಾಡಿದ್ರು. ನಾನು ಮೂರನೇ ಸಾಲಲ್ಲಿ ಕೂತಿದ್ದೆ.”

“ಅದು ಬೇರೆ. ಇದು ಬೇರೆ” ಅಂದರು ಸಾಹೇಬರು. “ಇದು ನಿಜವಾಗ್ಲೂ ನಾನೇ ಮಾಡಿದ್ದು.”

“ಆಗಲೂ ನೀವು ಹೀಗೇ ಹೇಳಿದ್ರಂತಲ್ಲ ಸಾರ್.”

ಸಾಹೇಬರ ದನಿ ಏರಿತು. ಏರಿದಷ್ಟೂ ಅಧಿಕಾರಿಯ ಮುಖದಲ್ಲಿ ಗೌರವ ಹೆಚ್ಚಿತು. ಮ್ಯಾನೇಜರನ್ನು ಕೇಳಿದರು. “ಸಾಹೇಬ್ರು ದೊಡ್ಡ ಮನಸ್ಸಿನವರು. ನನಗೆ ಹಾಗೇನೂ ಆಗಿದ್ದು ನೆನಪಿಲ್ಲ” ಅಂತ ಆ ಮನುಷ್ಯ ಕೈ ತೊಳೆದುಕೊಂಡ. ಬಣ್ಣದವರು ಯಾವ ಊರಿಗೆ ಹೋದರೋ ಪತ್ತೆ ಇರಲಿಲ್ಲ. ನನ್ನನ್ನು ಕರೆದರು. ಕಂಡದ್ದನ್ನೆಲ್ಲ ಹೇಳಿದೆ.

“ಸಾಹೇಬರ ಮೇಲೆ ನಿಮಗೆ ಗೌರವ ಇದೆಯಾ ಅಮ್ಮ?”

“ಇದೆ.”

“ಅಂದಿನ ನಿಮ್ಮ ಬರಹ ಇದೆಯಾ?”

“ಹರಿದು ಹಾಕಿದೆ.”

“ಸಾಕು, ಕೂತ್ಕೊಳ್ಳಿ” ಅಂದರು, ಮನೆ ಮಗಳಿಗೆ ಹೇಳಿದಷ್ಟು ಮೃದುವಾಗಿ. ಮೇಸ್ತ್ರಿಯನ್ನು ಕೇಳಿದಾಗ ಅವನು, “ಹಾಕಿದ್ದೆ ಸಾರ್, ಎರಡು ಸಲ ಹಾಕಿದ್ದೆ” ಅಂದ. ಯಾವ ತಾರೀಕು ಅಂದರೆ ಹೇಳಲಾಗಲಿಲ್ಲ. ರಿಜಿಸ್ಟರಿನಲ್ಲಿ ಯಾಕಿಲ್ಲ ಅಂದರೆ ತಲೆ ತಗ್ಗಿಸಿದ.

ತೀರ್ಪು ಬಂತು. ಮೇಸ್ತ್ರಿಯ ನಿರ್ಲಕ್ಷ್ಯ. ಕೆಲಸದಿಂದ ವಜಾ, ಆಮೇಲೆ ನ್ಯಾಯಾಲಯದಲ್ಲಿ ಎಂಟು ತಿಂಗಳ ಸಜೆ. ವರದಿಯ ಕೊನೆಯ ಪುಟದಲ್ಲಿ, ತನ್ನ ಕೆಲಸಗಾರನನ್ನು ಉಳಿಸಲು ಆರೋಪವನ್ನು ತಾನೇ ಹೊರಲು ಮುಂದಾದ ಮುಖ್ಯಸ್ಥರ ಔದಾರ್ಯದ ಬಗ್ಗೆ ಒಂದು ಪ್ಯಾರಾ. ಸಾಹೇಬರು ರಾಜೀನಾಮೆ ಕೊಟ್ಟರು. ಕೊಟ್ಟ ಮೇಲೂ ನನ್ನಿಂದ ನಾಲ್ಕು ಪತ್ರ ಟೈಪ್ ಮಾಡಿಸಿದರು. ಇಲಾಖೆಗೆ, ಮಂತ್ರಿಗೆ, ನ್ಯಾಯಾಲಯಕ್ಕೆ, ಪೇಪರಿಗೆ. ಮೂರಕ್ಕೆ ಉತ್ತರವೇ ಬರಲಿಲ್ಲ. ಪೇಪರಿನವರು ಮಾತ್ರ ಹಾಕಿದರು. ‘ಜನರಲ್ ಅವರ ದೊಡ್ಡ ಮನಸ್ಸು ಮತ್ತೊಮ್ಮೆ’ ಅಂತ ತಲೆಬರಹ.

ಆ ಪೇಪರ್ ನೋಡಿ ಅವರ ಹೆಂಡತಿ ಗೊಳೋ ಅಂತ ಅತ್ತುಬಿಟ್ಟರು. “ಮೊದಲನೇ ಸಲ ನಿಜ ಹೇಳಿದ್ದಾರೆ ಕಣಮ್ಮ” ಅಂದರು ನನಗೆ. ಸಾಹೇಬರು ಪಕ್ಕದ ಕೋಣೆಯಲ್ಲಿ ಶೂ ಪಾಲಿಶ್ ಮಾಡುತ್ತಿದ್ದರು. ಬ್ರಷ್ಷಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಮೇಸ್ತ್ರಿ ಜೈಲಿನಿಂದ ಬಂದ ಮೇಲೆ ಸಾಹೇಬರಿಗೆ ಅವನ ಮುಂದೆ ಹೋಗಿ ನಿಲ್ಲಲು ಏಳು ತಿಂಗಳು ಬೇಕಾಯಿತು. ಎರಡು ಯುದ್ಧ ಕಂಡ ಮನುಷ್ಯ. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, “ನೀವೂ ಬನ್ನಿ. ನನಗೊಬ್ಬನಿಗೇ ಆಗಲ್ಲ” ಅಂದರು. ಅವರು ಏನು ಮಾಡಬೇಕೆಂದಿದ್ದಾರೆ ಎಂದು ದಾರಿಯಲ್ಲಿ ಹೇಳಿದರು. ಮೇಸ್ತ್ರಿಯ ಮಗಳು, ಅಳಿಯ ಇಬ್ಬರನ್ನೂ ಕೂರಿಸಿಕೊಂಡು, ನಿಮ್ಮ ತಾಯಿಯ ಸಾವಿಗೆ ಕಾರಣ ನಾನು ಅಂತ ಮುಖಾಮುಖಿ ಹೇಳುವುದು. ಅಧಿಕಾರಿ ನಂಬದಿದ್ದರೆ ಬೇಡ, ಆ ಮಗಳು ನಂಬಿದರೆ ಸಾಕು.

ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮೇಸ್ತ್ರಿ ಕುಕ್ಕರು, ಸ್ಟವ್ ರಿಪೇರಿ ಅಂಗಡಿ ಇಟ್ಟಿದ್ದ. ನೆಲದ ತುಂಬ ಮುಚ್ಚಳ, ರಬ್ಬರಿನ ಉಂಗುರ, ಸೀಟಿಗಳು. ನಮ್ಮನ್ನು ಕಂಡವನೇ ಗಾಬರಿಯಿಂದ ಎದ್ದು ಎರಡು ಕುರ್ಚಿ ಒರೆಸಿದ. ಹೆಂಡತಿ ಟೀ ತಂದಿಟ್ಟು ಒಳಗೆ ಹೋದಳು. ಅವನು ಬಹಳ ಇಳಿದುಹೋಗಿದ್ದ, ಆದರೆ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇತ್ತು. ಅದು ನನಗೆ ಅರ್ಥವಾಗಲಿಲ್ಲ.

ಸಾಹೇಬರು ಟೀ ಮುಟ್ಟಲಿಲ್ಲ. “ನೀವು ಎರಡನೇ ಸಲ ಗುರುತು ಹಾಕಿದ್ರಿ. ನಾನು ಒರೆಸ್ದೆ. ನನ್ನ ಕೈಯಾರೆ. ನಿಮ್ಮ ಮಗಳಿಗೆ ಇದನ್ನ ಹೇಳೋಕೆ ಬಂದಿದ್ದೀನಿ. ಅವರಿಬ್ಬರನ್ನೂ ಕರೆಸಿ.”

ಮೇಸ್ತ್ರಿ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

“ಬೇಡ ಸಾರ್” ಅಂದ.

“ಯಾಕೆ?”

“ನಾನೇ ಹೇಳ್ಬಿಟ್ಟೆ ಸಾರ್ ಅವಳಿಗೆ. ತಪ್ಪು ನನ್ನದೇ ಅಂತ. ಜೈಲಿಂದ ಬಂದ ಮೇಲೆ ನಾಲ್ಕು ತಿಂಗಳು ನಾನು ಮಾಡಿಲ್ಲ, ನಾನು ಮಾಡಿಲ್ಲ ಅಂತ ಹೇಳಿ ಕಳಿಸ್ತಾನೇ ಇದ್ದೆ. ಅವಳು ಈ ಕಡೆ ತಿರುಗಿ ಕೂಡ ನೋಡ್ಲಿಲ್ಲ. ಕೊನೆಗೆ ಒಂದು ದಿನ ನೀವು ಆ ಕೋಣೇಲಿ ಎದ್ದು ನಿಂತಿದ್ದು ನೆನಪಾಯ್ತು. ತಪ್ಪಾಯ್ತು ಅಂತ ಹೇಳ್ದವರನ್ನ ಜನ ಬೇರೆ ಥರಾನೇ ನೋಡ್ತಾರೆ ಅಲ್ವಾ ಸಾರ್? ಹೋದೆ. ಅಳಿಯನ ಮುಂದೆ ನಿಂತ್ಕೊಂಡು, ನಿಮ್ಮಮ್ಮ ಸತ್ತಿದ್ದು ನನ್ನಿಂದ, ಗುರುತು ಹಾಕೋದು ಮರೆತುಬಿಟ್ಟೆ, ಅಂದೆ. ಅವನು ಅತ್ತ. ನಾನೂ ಅತ್ತೆ. ಹೋದ ತಿಂಗಳಿಂದ ಮಗೂನ ಕರ್ಕೊಂಡು ಬರ್ತಿದ್ದಾರೆ.”

ನನಗೆ ತಡೆಯಲಾಗಲಿಲ್ಲ. “ಸುಳ್ಳು ಹೇಳಿದ್ಯಲ್ಲೋ!” ಅಂದೆ.

“ಹೂಂ ಅಕ್ಕ.” ನನ್ನ ಕಡೆ ನೋಡದೆ ಅಂದ. “ಅವನಿಗೆ ಯಾರಾದ್ರೂ ಒಬ್ರು ಒಪ್ಕೊಳ್ಳೋರು ಬೇಕಾಗಿತ್ತು. ಒಪ್ಕೊಂಡೋರನ್ನ ಕ್ಷಮಿಸಿ, ಈ ಮನೇಲಿ ಕೂತು ಉಂಡು ಹೋದ. ಈಗ ನೀವು ಹೋಗಿ, ಅವರಲ್ಲ ನಾನು ಅಂದ್ರೆ, ಅವನು ಮೊದಲಿಂದ ಶುರು ಮಾಡ್ಬೇಕು. ಆ ಮನೇಲಿ ಯಾರಿಗೂ ಅಷ್ಟು ಶಕ್ತಿ ಇಲ್ಲ. ನನಗೂ ಇಲ್ಲ.”

ಸಾಹೇಬರು ಎದ್ದು ನಿಂತರು. ಮತ್ತೆ ಕೂತರು. ಮೂವತ್ತು ಸಾವಿರ ಜನಕ್ಕೆ ಆಜ್ಞೆ ಕೊಟ್ಟವರು ಕುಕ್ಕರ್ ರಿಪೇರಿಯವನನ್ನು ಕೇಳಿದರು: “ಹಾಗಾದ್ರೆ ನಾನೇನ್ ಮಾಡ್ಲಿ?”

“ಏನೂ ಮಾಡ್ಬೇಡಿ ಸಾರ್. ಸುಮ್ನಿದ್ಬಿಡಿ.”

“ಎಷ್ಟು ದಿನ?”

“ನಾನಿರೋವರೆಗಾದ್ರೂ.”

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಅಳಿಯ ಬಂದಿದ್ದ. ಮೂವತ್ತರ ಹುಡುಗ, ಹೆಗಲ ಮೇಲೆ ಮಗು, ಹಿಂದೆ ಚೀಲ ಹಿಡಿದುಕೊಂಡು ಮೇಸ್ತ್ರಿಯ ಮಗಳು. ಸಾಹೇಬರ ಗುರುತು ಹಿಡಿದವನೇ ಮಗುವನ್ನು ಇಳಿಸಿ, ಕೈ ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಬಂದ. ಮೇಸ್ತ್ರಿ ಸಾಹೇಬರನ್ನೇ ನೋಡುತ್ತಿದ್ದ. ಜೀವ ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದ.

“ಪೇಪರಲ್ಲಿ ಓದಿದ್ದೆ ಸಾರ್” ಅಂದ ಅಳಿಯ. “ಆಗ ನನಗೆ ನಿಮ್ಮ ಮೇಲೂ ಸಿಟ್ಟಿತ್ತು, ಇಂಥವರನ್ನ ಉಳಿಸೋಕೆ ಹೋಗ್ತಾರಲ್ಲ ಅಂತ. ಈಗ ಅನ್ಸುತ್ತೆ, ನಮ್ಮ ಮಾವನಿಗೋಸ್ಕರ ನೀವಷ್ಟು ಮಾಡ್ದೆ ಇದ್ದಿದ್ರೆ ಅವರು ಜೀವಂತ ಉಳೀತಿರ್ಲಿಲ್ಲ. ನಿಮ್ಮ ಋಣ ತೀರ್ಸಕ್ಕಾಗಲ್ಲ ಸಾರ್.”

ಹೇಳಿ ಕೈ ಚಾಚಿದ.

ಸಾಹೇಬರು ಆ ಕೈಯನ್ನು ಹಿಡಿದುಕೊಂಡರು. “ನಿಮ್ಮ ತಾಯಿ ಒಳ್ಳೆ ಕೆಲಸಗಾರರು” ಅಂದರು. ಆ ಹುಡುಗ ಕೈ ಬಿಡಲಿಲ್ಲ. ಸಾಹೇಬರೂ ಬಿಡಿಸಿಕೊಳ್ಳಲಿಲ್ಲ.